ರಥಸಪ್ತಮಿಯಿಂದ ಶಿವರಾತ್ರಿಯೊಳಗೆ ಹಿತ್ತಲಲ್ಲಿ ಮುಗಿಸಬೇಕಾದ ಕೆಲಸ

ಪ್ರತಿ ವರ್ಷ ಯುಗಾದಿ ಹತ್ತಿರ ಬಂದಾಗ ನಮ್ಮ ಬೀದಿಯಲ್ಲಿ ಒಬ್ಬರಲ್ಲ ಒಬ್ಬರು ಗೇಟಿನ ಹತ್ತಿರ ನಿಂತು, "ರೀ, ಬೆಂಡೆ, ಹೀರೆ ಹಾಕೋಣ ಅಂತಿದ್ದೀವಿ, ಬೀಜ ಇದ್ರೆ ಕೊಡ್ತೀರಾ?" ಅಂತ ಕೇಳ್ತಾರೆ. ಕೊಡ್ತೀನಿ. "ಒಂದು ತಿಂಗಳು ಮುಂಚೆ ಕೇಳಬಾರದಿತ್ತಾ" ಅಂತ ಹೇಳದೆ ಇರೋಕೂ ಆಗಲ್ಲ. ಬೀಜದ ಪೊಟ್ಟಣದ ಮೇಲೂ ಯೂಟ್ಯೂಬಿನಲ್ಲೂ ಮಾರ್ಚ್ ಅಂತ ಇರುತ್ತೆ, ನಿಜ. ಅದು ಉತ್ತರದ ಚಳಿ ಸೀಮೆಯವರ ಲೆಕ್ಕ. ಅಲ್ಲಿ ಮಣ್ಣು ಬೆಚ್ಚಗಾಗೋದೇ ಆಗ. ಮೈಸೂರಲ್ಲಿ ಮಾರ್ಚ್ ಅಂದ್ರೆ ಬೇಸಿಗೆ ಆಗಲೇ ಒಳಗೆ ಬಂದು ಕೂತಿರುತ್ತೆ.

ವಸಂತದ ಬೆಳೆಗೆ ನಮ್ಮ ಕಡೆ ಕೈ ಕೆಸರಾಗಬೇಕಾದ್ದು ಮಾಘದಲ್ಲಿ. ಈ 2026ರಲ್ಲಿ ರಥಸಪ್ತಮಿ ಜನವರಿ 25ಕ್ಕೆ, ಶಿವರಾತ್ರಿ ಫೆಬ್ರವರಿ 15ಕ್ಕೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋ ಮಾತು ಎಲ್ಲರಿಗೂ ಗೊತ್ತು. ಚಳಿ ಓಡೋಕೆ ಶುರು ಮಾಡಿದ ಹೊತ್ತಿಗೆ ಬೀಜ ಮಣ್ಣಲ್ಲಿರಬೇಕು. ಪಂಚಾಂಗ ನೋಡದವರು ಜನವರಿ ಕೊನೆ ವಾರದಿಂದ ಫೆಬ್ರವರಿ ಮುಗಿಯೋವರೆಗೆ ಅಂತ ಇಟ್ಕೊಳ್ಳಿ.

ಇಷ್ಟು ಅವಸರ ಯಾಕೆ ಅಂತ ಕೇಳಬಹುದು. ಬಳ್ಳಿ ತರಕಾರಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬಿಸಿಲು ಏರಿದಷ್ಟೂ, ಹಗಲು ಉದ್ದವಾದಷ್ಟೂ ಗಂಡು ಹೂವೇ ಜಾಸ್ತಿ ಬರುತ್ತೆ. ಯುಗಾದಿ ಕಳೆದ ಮೇಲೆ ಹಾಕಿದ ಹೀರೆ ಚಪ್ಪರದ ತುಂಬ ಹಳದಿ ಹೂ ತೋರಿಸಿ ಕಾಯಿ ಕೊಡದೆ ಸತಾಯಿಸೋದು ಇದೇ ಕಾರಣಕ್ಕೆ. ಟೊಮೆಟೊ 35 ಡಿಗ್ರಿ ದಾಟಿದ್ರೆ ಹೂ ಉದುರಿಸುತ್ತೆ. ಬೆಂಡೆಗೆ ಎಲೆ ನರ ಹಳದಿಯಾಗೋ ರೋಗ ತರೋದು ಬಿಳಿ ನೊಣ; ಒಣ ಬಿಸಿಲಲ್ಲಿ ಅದರ ಸಂತಾನ ಮಿತಿಮೀರುತ್ತೆ. ಏಪ್ರಿಲ್ ಬರೋ ಹೊತ್ತಿಗೆ ಗಿಡದ ಬೇರು ಇಳಿದು ಕಾಯಿ ಬಿಡ್ತಾ ಇದ್ರೆ ಅದು ತಡ್ಕೊಳ್ಳುತ್ತೆ, ಎಳೆ ಸಸಿ ತಡ್ಕೊಳ್ಳಲ್ಲ.

ಮೊದಲು ಜಾಗ ಖಾಲಿ ಮಾಡಿ

ನಮ್ಮದು ಸೈಟಿನ ಹಿಂದೆ ಉಳಿದ ಜಾಗ, ದೊಡ್ಡದೇನಲ್ಲ. ಜನವರಿಯಲ್ಲಿ ಅದರ ಅರ್ಧ ಅವರೆ, ಇನ್ನರ್ಧ ಅರಿಶಿನ. ಅವರೆ ಮುಗಿದ ತಕ್ಷಣ ಗಿಡ ಹಿಡಿದು ಎಳೀಬೇಡಿ. ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಲ್ಲೇ ಕೊಳೆಯಲಿ. ಆ ಬೇರಿನ ಸಣ್ಣ ಗಂಟುಗಳಲ್ಲಿ ಸಾರಜನಕ ಇರುತ್ತೆ, ಮುಂದಿನ ಬೆಳೆಗೆ ಅದು ಪುಕ್ಕಟೆ ಗೊಬ್ಬರ.

ಒಂದು ಗಿಡ ಮಾತ್ರ ನೋಡೋದಕ್ಕೆ ಅಂತ ಕಿತ್ತು, ಬೇರು ತೊಳೆದು ಬೆಳಕಿಗೆ ಹಿಡೀರಿ. ಅವರೆಯ ಒಳ್ಳೆ ಗಂಟು ಬೇರಿಗೆ ಅಂಟಿಕೊಂಡ ಮಣಿ ಥರ ಇರುತ್ತೆ, ಉಗುರಲ್ಲಿ ತಳ್ಳಿದ್ರೆ ಉದುರುತ್ತೆ. ಗಿಡ ಇನ್ನೂ ಹಸಿರಾಗಿದ್ರೆ ಒಡೆದಾಗ ಒಳಗೆ ನಸುಗೆಂಪು ಕಾಣುತ್ತೆ. ಅದೇ ಹಳೇ ಬದನೆ, ಟೊಮೆಟೊ ಗಿಡ ಕಿತ್ತಾಗ ಬೇರೇ ಊದಿಕೊಂಡು ಗಂಟುಗಂಟಾಗಿದ್ದು, ಎಷ್ಟು ತಳ್ಳಿದ್ರೂ ಉದುರದಿದ್ರೆ ಅದು ಜಂತುಹುಳದ ಕಾಟ. ಬರಿಗಣ್ಣಿಗೆ ಕಾಣದ ಹುಳ ಅದು. ಆ ಪಾತಿಗೆ ಈ ಸಲ ಬೆಂಡೆನೂ ಬೇಡ, ಬಳ್ಳಿನೂ ಬೇಡ. ಬೇವಿನ ಹಿಂಡಿ ಸೇರಿಸಿ ಇಡೀ ಪಾತಿಗೆ ಚೆಂಡು ಹೂ ಹಾಕಿಬಿಡಿ. ಚೆಂಡು ಹೂವಿನ ಬೇರು ಆ ಹುಳವನ್ನ ಹತ್ತಿಕ್ಕುತ್ತೆ, ಬಾಗಿಲಿಗೆ ಹಾರವೂ ಆಗುತ್ತೆ.

ಬೀಜಕ್ಕೆ ಅಂತ ಒಳ್ಳೆ ಎರಡು ಮೂರು ಅವರೆ ಗಿಡ ಮುಟ್ಟದೆ ಬಿಡಿ. ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬಿಡಿಸಿ, ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದ ಸೌದೆ ಬೂದಿಯಲ್ಲಿ ಕಲಸಿ ಡಬ್ಬಿಗೆ ತುಂಬಿ. ಅವರೆ ಚೆನ್ನಾಗಿ ಬಂತು ಅಂತ ಈಗಲೇ ಮತ್ತೆ ಬಿತ್ತಿದ್ರೆ ಸೊಪ್ಪು ಬೆಳೆಯುತ್ತೆ, ಕಾಯಿ ಬರಲ್ಲ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡೋ ಜಾತಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಆ ಕಟ್ಟಿಲ್ಲ, ಬೇಸಿಗೆಯಲ್ಲೂ ಕಾಯಿ ಬಿಡುತ್ತೆ. ಸೊಗಡು ಬೇಕು ಅನ್ನೋರು ಮುಂದಿನ ಚಳಿವರೆಗೆ ಕಾಯಲೇಬೇಕು.

ಅರಿಶಿನ ನಮ್ಮತ್ತೆ ಚಾಮರಾಜನಗರದ ತವರಿಂದ ತಂದು ನೆಟ್ಟಿದ್ದು. ಅವರ ಕ್ರಮದಲ್ಲೇ ನಾನೂ ಕೀಳ್ತೀನಿ. ಎಲೆ ಪೂರ್ತಿ ಹಳದಿಯಾಗಿ ಒಣಗಿ ನೆಲಕ್ಕೆ ಬೀಳಬೇಕು. ಅದಕ್ಕೂ ಮುಂಚೆ ಕೈ ಹಾಕಿದ್ರೆ ಗೆಡ್ಡೆ ಎಳಸು, ಬೇಯಿಸಿ ಒಣಗಿಸಿದಾಗ ಸುಕ್ಕಾಗಿ ಬಿಡುತ್ತೆ. ಕೀಳೋ ಎರಡು ದಿನ ಮೊದಲು ಪಾತಿಗೆ ನೀರು ಬಿಟ್ಟು ಮಣ್ಣು ಮೆತ್ತಗೆ ಮಾಡಿ. ಬುಡದಿಂದ ಒಂದಡಿ ದೂರಕ್ಕೆ ಹಾರೆ ಇಳಿಸಿ ಮೀಟಿ. ಗುದ್ದಲಿ ತಂದವರನ್ನ ಅತ್ತೆ ಹಿತ್ತಲಿಗೆ ಬಿಡ್ತಿರಲಿಲ್ಲ, ಯಾಕಂದ್ರೆ ಗುದ್ದಲಿ ಏಟಿಗೆ ತುಂಡಾದ ಗೆಡ್ಡೆ ಬೀಜಕ್ಕೆ ನಿಲ್ಲಲ್ಲ, ಕೊಳೆಯುತ್ತೆ. ಮೀಟಿದಾಗ ಇಡೀ ಗುಂಪು ಮಣ್ಣು ಸಮೇತ ಮೇಲೆ ಬರುತ್ತೆ. ಕೊಡವಿದ್ರೆ ನಡುವೆ ದಪ್ಪ ತಾಯಿಗೆಡ್ಡೆ, ಸುತ್ತ ಮರಿಗೆಡ್ಡೆ. ತಾಯಿಗೆಡ್ಡೆ ನೆರಳಲ್ಲಿ ರಾಶಿ ಹಾಕಿ ಒಣಗಿದ ಬೇವಿನೆಲೆಯೋ ಹೊಂಗೆ ಎಲೆಯೋ ಮುಚ್ಚಿಟ್ರೆ ಮೇ ತಿಂಗಳ ನಾಟಿವರೆಗೂ ಕೆಡಲ್ಲ. ಮರಿಗೆಡ್ಡೆ ತೊಳೆದು ಕಡ್ಡಿ ಚುಚ್ಚಿದ್ರೆ ಸಲೀಸಾಗಿ ಇಳಿಯೋ ಹದಕ್ಕೆ ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಹಾಕಿ. ಮುರಿದಾಗ ಟಕ್ ಅಂತ ಸದ್ದು ಬರಬೇಕು, ಅಲ್ಲಿವರೆಗೂ ಒಣಗಿಲ್ಲ ಅಂತ ಲೆಕ್ಕ.

ಅರಿಶಿನ ಕಿತ್ತ ಪಾತಿ ಒಂದಡಿ ಆಳದವರೆಗೂ ಪುಡಿಪುಡಿಯಾಗಿರುತ್ತೆ. ಬೆಂಡೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಸುವರ್ಣಗೆಡ್ಡೆ ಇದ್ದವರು ಅದನ್ನೂ ಈಗಲೇ ಕಿತ್ತು, ಮೊಳಕೆ ಕಣ್ಣಿರೋ ಹಾಗೆ ಹೋಳು ಮಾಡಿ, ಸಗಣಿ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ಗುಂಡಿಗೆ ಇಳಿಸಿಬಿಡಿ.

ಮಣ್ಣಿನ ಹದ

ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿ ಕಟ್ಟಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಬಿದ್ದು ನಾಲ್ಕೈದು ಚೂರಾದ್ರೆ ಅಗೆಯೋ ಹದ. ಉಂಡೆಯಾಗೇ ಉಳಿದ್ರೆ ಒದ್ದೆ, ಎರಡು ದಿನ ಬಿಡಿ. ಉಂಡೆನೇ ಕಟ್ಟದೆ ಪುಡಿಯಾದ್ರೆ ಹಿಂದಿನ ಸಂಜೆ ನೀರು ಚಿಮುಕಿಸಿ. ನಮ್ಮ ಕೆಂಪು ಮಣ್ಣನ್ನ ಒದ್ದೆಯಿದ್ದಾಗ ತುಳಿದು ಅಗೆದ್ರೆ ಒಣಗಿದ ಮೇಲೆ ಹೆಂಟೆ ಕಟ್ಟಿ, ಒಡೆಯೋಕೆ ಪಿಕಾಸಿ ಬೇಕಾಗುತ್ತೆ.

ಅಗೆದು ಮೂರು ನಾಲ್ಕು ದಿನ ಹಾಗೇ ಬಿಸಿಲಿಗೆ ಬಿಡಿ. ಗೊರವಂಕಗಳು ಬಂದು ಬಿಳಿ ಗೊಣ್ಣೆ ಹುಳು ಹೆಕ್ಕಿ ತಿಂತವೆ, ನಾಯಿ ಓಡಿಸಿದ್ರೂ ಮತ್ತೆ ಬರ್ತವೆ, ಓಡಿಸಬೇಡಿ. ಕೊನ್ನಾರಿ ಗೆಡ್ಡೆ ಮಾತ್ರ ಕೈಯಲ್ಲೇ ಆರಿಸಬೇಕು. ಮೇಲಿನ ಹುಲ್ಲು ಕತ್ತರಿಸಿ ಸುಮ್ಮನಾದ್ರೆ ಅದು ನಗ್ತಾ ವಾಪಸ್ ಬರುತ್ತೆ. ಕಪ್ಪು ಗೆಡ್ಡೆ ಸಿಕ್ಕಿದ್ರೆ ಅದರಿಂದ ಹೊರಟ ದಾರದಂಥ ಬೇರು ಹಿಡಿದು ಇನ್ನೊಂದು ಗೆಡ್ಡೆವರೆಗೂ ಹೋಗಿ. ಕಾಂಪೋಸ್ಟಿಗೆ ಹಾಕದೆ ಬಿಸಿಲಲ್ಲಿ ಗರಿಗರಿಯಾಗೋವರೆಗೂ ಒಣಗಿಸಿ.

ಹತ್ತಡಿ ಉದ್ದ ಮೂರಡಿ ಅಗಲದ ಮಡಿಗೆ ಎಂಟು ಹತ್ತು ಕಿಲೋ ಹಳೇ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ, ಒಂದು ಬಟ್ಟಲು ಸೌದೆ ಬೂದಿ ಸಾಕು. ಗೊಬ್ಬರ ಮೂಸಿ ನೋಡಿ. ಸಗಣಿ ವಾಸನೆ ಇನ್ನೂ ಇದ್ರೆ ಅದು ಗೊಬ್ಬರ ಆಗಿಲ್ಲ, ಬೇರು ಸುಡುತ್ತೆ. ಬೂದಿ ಚೆಲ್ಲಿದ ಕಡೆ ಯೂರಿಯಾ, ಹಸಿ ಸಗಣಿ ಹಾಕಬೇಡಿ, ಸತ್ವ ಗಾಳಿಗೆ ಹೋಗುತ್ತೆ.

ಜೀವಾಮೃತದ ಅಳತೆ ಬಹಳ ಜನ ಕೇಳ್ತಾರೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರರ ಲೆಕ್ಕ ಎಕರೆಗೆ 200 ಲೀಟರಿನದ್ದು. ಹಿತ್ತಲಿಗೆ ಇಳಿಸಿದ್ರೆ 20 ಲೀಟರ್ ನೀರಿಗೆ ಒಂದು ಕಿಲೋ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮರದ ಬುಡದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುವಿ, ಮೂರನೇ ದಿನದಿಂದ ಹಾಕಬಹುದು. ಒಂದು ವಾರದೊಳಗೆ ಖಾಲಿ ಮಾಡಿ. ನನ್ನ ಮಟ್ಟಿಗೆ ಇದು ಗೊಬ್ಬರದ ಜೊತೆಗೆ, ಗೊಬ್ಬರದ ಬದಲಿಗೆ ಅಲ್ಲ.

ಕತ್ತರಿ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ದುಂಡು ಮಲ್ಲಿಗೆಗೆ ಸಂಕ್ರಾಂತಿ ಕಳೆದ ವಾರವೇ ನೀರು ನಿಲ್ಲಿಸಿ, ಎಲೆ ಬಿಡಿಸಿ, ಮೊಣಕಾಲೆತ್ತರಕ್ಕೆ ಕತ್ತರಿಸಬೇಕು. ಆಮೇಲೆ ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಹಾಯಿಸಿದ್ರೆ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು. ಕರಿಬೇವನ್ನ ಎದೆಯೆತ್ತರಕ್ಕೆ ಧೈರ್ಯವಾಗಿ ಕಡಿದು ಬುಡಕ್ಕೆ ಹುಳಿ ಮಜ್ಜಿಗೆ ಸುರೀರಿ. ಸೇವಂತಿಗೆ ಹೂ ಮುಗಿದಿರುತ್ತೆ, ನೆಲಮಟ್ಟಕ್ಕೆ ಕತ್ತರಿಸಿ. ಬುಡದಿಂದ ಏಳೋ ಕಂದುಗಳೇ ಮುಂದಿನ ಸಸಿ. ದಾಸವಾಳದ ಕೊಂಬೆ ಕವಲಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಕಂಡರೆ ಆ ಕೊಂಬೆ ಈಗಲೇ ತೆಗೀರಿ. ಬಿಸಿಲು ಬಲಿತ ಮೇಲೆ ಅದು ಇಡೀ ಹಿತ್ತಲಿಗೆ ಹಬ್ಬುತ್ತೆ.

ಮಾವು, ನುಗ್ಗೆ ಎರಡಕ್ಕೂ ಈಗ ಕತ್ತಿ ತೋರಿಸಲೇಬೇಡಿ. ಹೂ ಬಿಟ್ಟಿರೋ ಸಮಯ. ಮಾವಿಗೆ ನೀರೂ ಬೇಡ, ಕಾಯಿ ಬಟಾಣಿ ಗಾತ್ರಕ್ಕೆ ಬರೋವರೆಗೂ ತಡೀರಿ. ಹೂ ಗೊಂಚಲ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಕೂತಿದ್ರೆ ಅದು ಬೂದಿ ರೋಗ. ಹೂ ಅರಳೋ ಮುಂಚೆಯೇ ನೀರಲ್ಲಿ ಕರಗೋ ಗಂಧಕ ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಬೇಕು. ಜೇನುನೊಣ ಓಡಾಡೋ ಹೊತ್ತಲ್ಲಿ ಯಾವ ಔಷಧಿಯೂ ಬೇಡ.

ಬೀಜ

ಹಳೇ ಡಬ್ಬಿಯ ಬೀಜ ನಂಬೋ ಮುಂಚೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದು ವಾರದಲ್ಲಿ ಏಳಕ್ಕೆ ಮೇಲೆ ಮೊಳೆತರೆ ನಿಶ್ಚಿಂತೆ; ಐದಕ್ಕಿಂತ ಕಮ್ಮಿಯಾದ್ರೆ ಹೊಸದು ತನ್ನಿ.

ಹಾಗಲ ಬೀಜದ ಸಿಪ್ಪೆ ಗಟ್ಟಿ. ಉಗುರು ಕತ್ತರಿಯಿಂದ ಚೂಪಾದ ತುದಿ ಒಂಚೂರು ಕಚ್ಚಿ, ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಡಬೇಕು. ಬೆಚ್ಚಗೆ ಅಂದ್ರೆ ಎಲ್ಲಿ ಅಂತ ತಲೆ ಕೆಡಿಸ್ಕೋಬೇಡಿ, ಚಳಿಗಾಲದಲ್ಲಿ ಮೊಸರಿಗೆ ಹೆಪ್ಪು ಹಾಕಿ ಎಲ್ಲಿಡ್ತೀರೋ ಅಲ್ಲೇ. ಹೀರೆ, ಸೋರೆ, ಕುಂಬಳ, ಸೌತೆಗೆ ಬರೀ ನೆನೆಸಿದ್ರೆ ಸಾಕು. ಈ ತಿಂಗಳ ರಾತ್ರಿಯ ತಣ್ಣನೆ ಮಣ್ಣಲ್ಲಿ ನೇರ ಬಿತ್ತಿದ್ರೆ ಬಳ್ಳಿ ಬೀಜ ಕೊಳೆಯೋದೇ ಹೆಚ್ಚು. ನಾನು ಎಲೆ ದೊನ್ನೆಗೆ ತಳದಲ್ಲೊಂದು ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ, ಒಂದೊಂದರಲ್ಲಿ ಒಂದು ಬೀಜ ಊರಿ ಬಿಸಿಲು ಬೀಳೋ ಕಿಟಕಿ ಹತ್ತಿರ ಜೋಡಿಸ್ತೀನಿ. ಹೋಟೆಲಿಗೆ ಕೊಡೋ ಅಂಗಡಿಯಲ್ಲಿ ದೊನ್ನೆ ಕಟ್ಟುಗಟ್ಟಲೆ ಸಿಗುತ್ತೆ. ಎರಡು ಮೂರು ನಿಜವಾದ ಎಲೆ ಬಂದ ಮೇಲೆ ದೊನ್ನೆ ಸಮೇತ ಗುಂಡಿಗೆ. ಬಳ್ಳಿಗಳಿಗೆ ಬೇರು ಕದಲಿಸಿದ್ರೆ ಕೋಪ, ದೊನ್ನೆಯಾದ್ರೆ ಮಣ್ಣಲ್ಲೇ ಕರಗಿಹೋಗುತ್ತೆ.

ಗುಂಡಿ ಒಂದೂವರೆ ಅಡಿ ಆಳ, ಗುಂಡಿಗೂ ಗುಂಡಿಗೂ ನಾಲ್ಕೈದು ಅಡಿ. ಚಪ್ಪರದ ಗಳ ಸಸಿ ನೆಡೋ ಮುಂಚೆ ಹೂಳಿ. ಆಮೇಲೆ ಹಾರೆ ಹಾಕಿದ್ರೆ ಬೇರಿಗೇ ಏಟು.

ಬೆಂಡೆ ಒಂದು ರಾತ್ರಿ ನೆನೆಸಿ, ಒಂದಂಗುಲ ಆಳಕ್ಕೆ, ಗಿಡಕ್ಕೆ ಗಿಡ ಒಂದಡಿ, ಸಾಲಿಗೆ ಸಾಲು ಒಂದೂವರೆ ಅಡಿ. ಒಂದೊಂದು ಕಡೆ ಎರಡು ಬೀಜ ಹಾಕಿ, ಬಂದ ಮೇಲೆ ಸೊರಗಿದ್ದನ್ನ ಕತ್ತರಿಯಿಂದ ಕತ್ತರಿಸಿ. ಎಳೆದ್ರೆ ಪಕ್ಕದ್ದೂ ಅಲುಗುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ಅನಾಮಿಕ ಹಳದಿ ನರ ರೋಗ ತಡ್ಕೊಳ್ಳೋಕೆ ಅಂತಲೇ ಬಂದ ತಳಿ. ಅದರ ಕಾಯಿಂದ ಬೀಜವನ್ನೂ ಇಟ್ಕೋಬಹುದು. ಅರ್ಕಾ ರಕ್ಷಕ್ ಟೊಮೆಟೊ ಹಾಗಲ್ಲ, ಅದು ಹೈಬ್ರಿಡ್. ಮನೆಯಲ್ಲಿ ತೆಗೆದ ಬೀಜದಿಂದ ಅದೇ ಗುಣ ಬರಲ್ಲ. ಎಲೆ ಮುದುಡು ರೋಗಕ್ಕೆ ಜಗ್ಗಲ್ಲ ಅಂತ ಬೇಸಿಗೆಗೆ ಪ್ರತಿ ಸಲ ಹೊಸ ಬೀಜ ತಂದ್ರೂ ನಷ್ಟವಿಲ್ಲ.

ಟೊಮೆಟೊ ಸಸಿಗೆ ಸಂಕ್ರಾಂತಿಗೇ ಒಟ್ಲು ಬಿಟ್ಟಿರಬೇಕು. ಬಿಟ್ಟಿಲ್ಲದಿದ್ರೆ ನರ್ಸರಿಯಿಂದ ತನ್ನಿ, ಆದ್ರೆ ಟ್ರೇಯಲ್ಲೇ ಹೂ ಬಿಟ್ಟ ಸಸಿ ಬೇಡ, ಅದು ಹಸಿದು ಮುದಿಯಾದ ಸಸಿ. ಸಂಜೆ ಹೊತ್ತು, ಮೊದಲ ಎಲೆವರೆಗೂ ಕಾಂಡ ಹೂತು ನೆಡಿ, ಹೂತ ಭಾಗವೆಲ್ಲ ಬೇರಾಗುತ್ತೆ. ಬದನೆಗೆ ಈ ಉಪಾಯ ಬೇಡ.

ಹರಿವೆ ಬೀಜ ಒಣ ಮರಳಲ್ಲಿ ಬೆರೆಸಿ ಚೆಲ್ಲಿ. ಇರುವೆ ಸಾಲು ಹಿಡಿದು ಹೊತ್ತು ಹೋಗುತ್ತೆ ಅನ್ನೋರು ಮಡಿ ಸುತ್ತ ಒಂದು ಹಿಡಿ ರವೆ ಉದುರಿಸಿ, ಅವು ರವೆ ಹೊರೋದರಲ್ಲಿ ಬೀಜ ಮೊಳೆತಿರುತ್ತೆ. ಕೊತ್ತಂಬರಿಗೆ ಕಾಲ ಮುಗೀತು. ಈಗ ಹಾಕಿದ್ರೆ ಸೊಪ್ಪಿಗೆ ಮುಂಚೆ ಹೂ.

ನೀರು ಮತ್ತು ತರಗು

ಇದೇ ದಿನಗಳಲ್ಲಿ ರಸ್ತೆ ಬದಿಯ ಹೊಂಗೆ ಎಲೆ ಉದುರಿಸುತ್ತೆ, ಹಿಂದೆಯೇ ಬೇವು. ಗುಡಿಸಿ ಬೆಂಕಿ ಹಾಕೋರನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಗೋಣಿಚೀಲ ಹಿಡಿದು ಬೆಳಿಗ್ಗೆ ಬೇಗ ಹೋದ್ರೆ ಗುಡಿಸೋರೇ ತುಂಬಿ ಕೊಡ್ತಾರೆ. ಸಸಿ ಗೇಣುದ್ದ ಆದ ಮೇಲೆ ಮೂರಂಗುಲ ದಪ್ಪ ತರಗು ಹಾಸಿ, ಕಾಂಡದಿಂದ ಎರಡಂಗುಲ ದೂರ ಬಿಡಿ. ಕಾಂಡಕ್ಕೆ ಒತ್ತಿದ್ರೆ ಬುಡ ಕೊಳೆಯುತ್ತೆ.

ದಿನ ಬಿಟ್ಟು ದಿನ ನಲ್ಲಿ ಬರೋ ಬಡಾವಣೆಯವರು ಎರಡು ಬಳ್ಳಿ ಗುಂಡಿ ನಡುವೆ ಒಂದು ಮಣ್ಣಿನ ಮಡಕೆ ಕತ್ತಿನವರೆಗೂ ಹೂಳಿ ನೀರು ತುಂಬಿ. ಹೊಳಪು ಬಳಿದ ಮಡಕೆ ಬೇಡ, ನೀರು ಹೊರಗೆ ಜಿನುಗಬೇಕು. ಬೇರು ತಾನಾಗಿ ಅತ್ತ ತಿರುಗುತ್ತೆ. ಬಾಯಿ ಮೇಲೆ ಹಂಚಿನ ತುಂಡು ಮುಚ್ಚಿ, ಇಲ್ಲದಿದ್ರೆ ಸೊಳ್ಳೆ ಸಾಕಿದ ಹಾಗಾಗುತ್ತೆ.

ಹೂ ಬಂದ ಮೇಲೆ

ಸೋರೆ, ಹಾಗಲ ಬಳ್ಳಿಗೆ ಐದಾರು ಎಲೆ ಬಂದಾಗ ತುದಿ ಚಿವುಟಿ, ಪಕ್ಕದ ಕವಲಲ್ಲಿ ಹೆಣ್ಣು ಹೂ ಹೆಚ್ಚು. ಜೇನು ಬರದ ಕಡೆ ನೀವೇ ಹೂ ಕೂಡಿಸಬೇಕು. ಹೀರೆ, ಸೋರೆ ಅರಳೋದು ಸಂಜೆ. ಕುಂಬಳ, ಸೌತೆ, ಹಾಗಲ ಬೆಳಗಿನ ಹೊತ್ತು. ಗಂಡು ಹೂ ಕಿತ್ತು ಎಸಳು ಹಿಂದಕ್ಕೆ ಮಡಚಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿ. ಕೈಗೆ ಹಳದಿ ಪುಡಿ ಹತ್ತಿದ್ರೆ ಕೆಲಸ ಆಯ್ತು. ಕಾಯಿ ಹೆಬ್ಬೆರಳುದ್ದ ಆದ ದಿನವೇ ಹಳೇ ಪೇಪರಿನ ಕೊಳವೆ ಮಾಡಿ ತೊಡಿಸಿ ದಾರ ಕಟ್ಟಿ, ಹಣ್ಣು ನೊಣ ಚುಚ್ಚಿ ಮೊಟ್ಟೆ ಇಡಲ್ಲ. ಸೊಟ್ಟಗಾಗಿ ಅಂಟು ಸುರಿಸೋ ಕಾಯಿ ಕಂಡ್ರೆ ಕಿತ್ತು ಬಕೆಟ್ ನೀರಲ್ಲಿ ಮುಳುಗಿಸಿ, ಬುಡದಲ್ಲಿ ಎಸೀಬೇಡಿ.

ಬೆಂಡೆ ಬಿತ್ತಿ ಒಂದೂವರೆ ತಿಂಗಳು ಕಳೆದ್ರೆ ಕೊಯ್ಲು ಶುರು. ದಿನ ಬಿಟ್ಟು ದಿನ ಕೊಯ್ಯಿರಿ, ತುದಿ ಮುರಿದು ನೋಡಿ, ಪಟ್ ಅಂತ ಮುರೀಬೇಕು. ಒಂದು ಕಾಯಿ ಬಲಿಯೋಕೆ ಬಿಟ್ರೂ ಗಿಡ ಹೊಸ ಹೂ ಬಿಡೋದು ಕಮ್ಮಿ ಮಾಡುತ್ತೆ. ಎಲೆಯ ನರ ಹಳದಿ ಬಲೆಯಂತೆ ಕಂಡ ಗಿಡವನ್ನ ಅದರಲ್ಲಿ ನಾಲ್ಕು ಕಾಯಿ ಇದೆ ಅಂತ ಉಳಿಸ್ಕೋಬೇಡಿ, ಕಿತ್ತು ಹಾಕಿ. ಆ ಖಾಲಿ ಜಾಗಕ್ಕೆ ನಾಲ್ಕು ಕಾಳು ಹರಿವೆ ಉದುರಿಸಿದ್ರೆ ತಿಂಗಳೊಳಗೆ ಸೊಪ್ಪು ಕುಯ್ಯಬಹುದು.